ಕೂತಲ್ಲೇ ಬರುವ ಫಿಟ್ಸು

ಕಡಲೂರು ಮಹ್ದಿಯಾದಲ್ಲಿ ಮದುವೆ ನಿಶ್ಚಯವಾದ ಮನೆಯವರು ಮೊದಲು ಓಡುತ್ತಿದ್ದುದು ಚಿನ್ನದಂಗಡಿಗಲ್ಲ, ಮದರಂಗಿ ಹಚ್ಚುವ ಶೆಲ್ಬಿಯಾಳ ಮನೆಗೆ. ಅವಳಿಗೆ ಬಿಡುವಿಲ್ಲವೆಂದರೆ ಮದುವೆಯ ದಿನವನ್ನೇ ಮುಂದಕ್ಕೆ ಹಾಕಿದವರಿದ್ದರು. ಹಾಗಂತ ಊರಿನಲ್ಲಿ ಬೇರೆ ಮದರಂಗಿಯವರಿಗೆ ಬರವಿರಲಿಲ್ಲ. ಬಂದರಿನ ಓಣಿಯ ಅಕ್ಕತಂಗಿಯರಿಬ್ಬರು ಇವಳಿಗಿಂತ ನವಿರಾದ ಬಳ್ಳಿ ಬಿಡಿಸುತ್ತಿದ್ದರು. ಶೆಲ್ಬಿಯಾ ತಾನೇ ಅದನ್ನು ಒಪ್ಪಿಕೊಳ್ಳುತ್ತಿದ್ದಳು. ಆದರೆ ಅವರ ಕೈಗೆ ಸಿದಿ ಮೆರ್ಜೂಕ್ ಬರುತ್ತಿರಲಿಲ್ಲ. ಕಡಲ ದಂಡೆಯ ಬಿಳಿ ಗುಮ್ಮಟದ ಕೆಳಗೆ ಯಾವ ಕಾಲದಿಂದಲೋ ಮಲಗಿರುವ ಆ ಸಂತ ಎದ್ದು ಬರುತ್ತಿದ್ದುದು ಶೆಲ್ಬಿಯಾಳ ಕೈಗೆ ಮಾತ್ರ.

ಹಾಗೆಂದು ಮೊದಲು ಹೇಳಿದವಳು ಒಬ್ಬ ಮುದುಕಿ. ಆಗ ಶೆಲ್ಬಿಯಾ ಇನ್ನೂ ಚಿಕ್ಕವಳು, ಕೆಲಸಕ್ಕೆ ಹೊಸಬಳು. ಮದುಮಗಳೊಬ್ಬಳ ಅಂಗೈಯಲ್ಲಿ ಮೀನಿನ ಚಿತ್ತಾರ ಬಿಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಯಾರ ಮೇಲೂ ಇರಲಿಲ್ಲ. ತುಟಿ ಖರ್ಜೂರ ತಿನ್ನುವಂತೆ ಚಪ್ಪರಿಸುತ್ತಿತ್ತು. ಬಲಗೈ ಮದುಮಗಳ ಬಳೆಗಳನ್ನು ಸುಮ್ಮನೆ ತಡವುತ್ತಿತ್ತು. ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಶೆಲ್ಬಿಯಾ ಕಣ್ಣು ಮಿಟುಕಿಸಿ ಸುತ್ತ ನೋಡಿ, "ಎಲ್ಲಿವರೆಗೆ ಬಂದಿತ್ತು?" ಎಂದು ಕೇಳಿದಳು. ಮೂಲೆಯಲ್ಲಿ ಕುಳಿತಿದ್ದ ಆ ಮುದುಕಿ ತನ್ನ ಎದೆಯ ಮೇಲೆ ಕೈಯಿಟ್ಟು, "ಸುಮ್ನಿರ್ರೇ ಎಲ್ರೂ. ಸಿದಿ ಮೆರ್ಜೂಕ್ ಬಂದು ಮದರಂಗಿ ರುಚಿ ನೋಡ್ಕೊಂಡು ಹೋದ," ಎಂದಳು. ಆ ಮದುಮಗಳು ವರ್ಷ ತುಂಬುವುದರೊಳಗೆ ಅವಳಿ ಗಂಡುಮಕ್ಕಳನ್ನು ಹೆತ್ತಳು. ಅಲ್ಲಿಗೆ ಶೆಲ್ಬಿಯಾಳ ಹಣೆಬರಹ ಬದಲಾಯಿತು.

ಅವಳಿಗೆ ಆಗುತ್ತಿದ್ದುದು ಇಷ್ಟು. ಮೊದಲು ಎಲ್ಲಿಂದಲೋ ಜೀರಿಗೆ ಸೀದ ವಾಸನೆ ಬರುತ್ತಿತ್ತು, ಒಲೆ ಹಚ್ಚದ ಮನೆಯಲ್ಲೂ. ಆಮೇಲೆ ದೋಣಿ ಅಲೆಯ ತುದಿಯಿಂದ ಕೆಳಗಿಳಿದಾಗ ಆಗುವ ಹಾಗೆ ಹೊಟ್ಟೆ ಮೇಲಕ್ಕೆದ್ದು ಗಂಟಲಿಗೆ ಬರುತ್ತಿತ್ತು. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತಿತ್ತು. ಅವಳು ಮೂಗು ಒರೆಸಿಕೊಂಡು ಕೆಲಸ ಮುಂದುವರಿಸುತ್ತಿದ್ದಳು. ಕೆಲವು ಸಲ ಅದರ ನಂತರದ್ದು ಏನೂ ನೆನಪಿರುತ್ತಿರಲಿಲ್ಲ. ಮರಳಿ ಬಂದಾಗ ಹೆಂಗಸರು ಅವಳ ಸೆರಗು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಯಾರೋ ಬಾದಾಮಿ ಶರಬತ್ತು ಕುಡಿಸುತ್ತಿದ್ದರು. ಸುಸ್ತಾಗುತ್ತಿತ್ತು, ನಿಜ. ಆದರೆ ಊರಿಗೆ ಊರೇ ಗೌರವ ಕೊಡುವಾಗ ಯಾರಿಗೆ ತಾನೆ ಬೇಡವೆನಿಸುತ್ತದೆ?

ಅವಳ ಗಂಡ ಬೂರಾವಿ ಮೀನು ಹಿಡಿಯುವವನು. ಉದ್ದ ದೇಹ, ಕಡಿಮೆ ಮಾತು, ಆದರೆ ಆಡಿದ ಮಾತು ನೆಟ್ಟಗೆ ನಾಟುತ್ತಿತ್ತು. "ಮದುವೆಮನೆಗೆ ಬಂದ್ರೆ ನಿನ್ ಸಿದಿ ಬಳೆ ಮುಟ್ತಾನೆ, ಆಶೀರ್ವಾದ ಮಾಡ್ತಾನೆ. ನಮ್ಮನೆಗೆ ಬಂದ್ರೆ ಮಾತ್ರ ನನ್ ಕಾಲುಚೀಲ ಬೇಯಿಸ್ತಾನಲ್ಲೇ," ಎನ್ನುತ್ತಿದ್ದ. ಅದು ನಡೆದ ಸಂಗತಿಯೇ. ಒಂದು ಶುಕ್ರವಾರ ಗೋಧಿ ರವೆಯ ಕುಸ್ಕುಸ್ ಬೇಯಿಸುತ್ತಿದ್ದ ಶೆಲ್ಬಿಯಾಗೆ ಜೀರಿಗೆ ವಾಸನೆ ಬಂದು, ಎಚ್ಚರವಾದಾಗ ಹಬೆಪಾತ್ರೆಯಲ್ಲಿ ಗಂಡನ ಎರಡು ಕಾಲುಚೀಲಗಳು ಕುಸ್ಕುಸ್ ಮೇಲೆ ನೀಟಾಗಿ ಮಲಗಿದ್ದವು. ಅವತ್ತು ಇಬ್ಬರೂ ಬ್ರೆಡ್ಡು, ಆಲಿವ್ ಎಣ್ಣೆಯಲ್ಲಿ ಊಟ ಮುಗಿಸಿದರು. ಶೆಲ್ಬಿಯಾ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಬೂರಾವಿಯೂ ನಕ್ಕ, ಆದರೆ ಅಂದಿನಿಂದ ಮೀನು ಕೊಯ್ಯುವ ಕತ್ತಿಯನ್ನು ಅವಳ ಕೈಗೆ ಕೊಡುವುದನ್ನು ಬಿಟ್ಟ. "ನಿಂಗೆ ಬರಲ್ಲ, ನಾನೇ ಕೊಯ್ತೀನಿ," ಎಂದು ನೆಪ ಹೇಳುತ್ತಿದ್ದ.

ಹೀಗೆ ಇಪ್ಪತ್ತೈದು ವರ್ಷ ನಡೆಯಿತು.

ಎದುರುಮನೆಯ ಹಲ್ಲೂಮಾಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಉಲ್ಫಾ, ಹತ್ತೊಂಬತ್ತರ ಹುಡುಗಿ, ಹೊಲಿಗೆಯಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಅವಳಿಗೊಂದು ವಿಚಿತ್ರ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಯಾರೋ ಮೊಣಕೈಗೆ ಹೊಡೆದ ಹಾಗೆ ಅವಳ ಕೈ ಪಟ್ಟನೆ ಹಾರುತ್ತಿತ್ತು. ಕೈಯಲ್ಲಿದ್ದ ಕಾಫಿ ಲೋಟ ಗೋಡೆಗೆ ಬಡಿಯುತ್ತಿತ್ತು. "ನನ್ ಮಗಳಿಗೆ ಬೆಳಿಗ್ಗೆ ಹೊತ್ತು ಕೈಯಿಲ್ಲ," ಎಂದು ಹಲ್ಲೂಮಾ ಅವಳಿಗೆ ತಗಡಿನ ಲೋಟವನ್ನೇ ಕೊಡುತ್ತಿದ್ದಳು. ಚಿಕ್ಕವಳು ಬೇಯಾ, ಎರಡನೇ ತರಗತಿ. ಮಾತಾಡುತ್ತ ಮಾತಾಡುತ್ತ ನಡುವೆ ನಿಂತುಬಿಡುವುದು ಅವಳ ಅಭ್ಯಾಸ. ರೆಪ್ಪೆ ಅದುರುತ್ತಿತ್ತು, ನೋಟ ಎಲ್ಲೋ ಹೋಗುತ್ತಿತ್ತು, ನಾಲ್ಕು ಉಸಿರಿನಷ್ಟು ಹೊತ್ತಿಗೆ ಮತ್ತೆ ಬಿಟ್ಟ ಪದದಿಂದಲೇ ಮಾತು ಶುರು. ಟೀಚರು, "ಈ ಹುಡುಗಿ ಕನಸು ಕಾಣೋಕೆ ಸ್ಕೂಲಿಗೆ ಬರ್ತಾಳೆ," ಎಂದು ಕಿಟಕಿಯಿಂದ ದೂರ ಕೂರಿಸಿದ್ದರು. ಗೋಡೆ ನೋಡಿಕೊಂಡೂ ಅವಳು ಹಾಗೇ ಮಾಡುತ್ತಿದ್ದಳು.

ಉಲ್ಫಾಗೆ ಮದುವೆ ಗೊತ್ತಾಯಿತು. ಹುಡುಗ ಮೊಂಸೆಫ್, ಬಂದರಿನಲ್ಲಿ ದೋಣಿಯ ಇಂಜಿನ್ನು ರಿಪೇರಿ ಮಾಡುವವನು. ಇಬ್ಬರೂ ಎರಡು ವರ್ಷದಿಂದ ಒಬ್ಬರನ್ನೊಬ್ಬರು ನೋಡಿ ನೋಡದ ಹಾಗೆ ಇದ್ದುದು ಇಡೀ ಓಣಿಗೆ ಗೊತ್ತಿತ್ತು. ಅವನ ತಾಯಿ ನಜೀಹಾ ಮದುವೆಯ ಜರಿ ಉಡುಗೆಗಳನ್ನು ಮಾರುವವಳು. ಊರಿನಲ್ಲಿ ಯಾವುದೇ ಹೊಸತು ಬಂದರೂ ಮೊದಲು ತನ್ನ ಮನೆಯಲ್ಲೇ ಆಗಬೇಕು ಎಂಬ ಹಟ ಅವಳದು. ಮೊದಲ ಬಣ್ಣದ ಟೀವಿ, ಮೊದಲ ಮೂರಂತಸ್ತಿನ ಕೇಕು, ಎರಡೂ ಅವಳವೇ. ತನ್ನ ಮಗಳ ಮದುವೆಯಲ್ಲಿ ಶೆಲ್ಬಿಯಾಳ ಕೈ ನಿಂತಾಗ ಅವಳು ಹೆಮ್ಮೆಯಿಂದ ಅತ್ತಿದ್ದಳು.

ಮದುವೆ ವಾರವೆಂದರೆ ಮಹ್ದಿಯಾದಲ್ಲಿ ನಿದ್ದೆಯಿಲ್ಲದ ವಾರ. ನೆಂಟರು, ಡೋಲು, ಹಾಡು, ಬಾದಾಮಿ ಸಿಪ್ಪೆ ಬಿಡಿಸುವ ಕೆಲಸ. ಉಲ್ಫಾ ಮೂರು ರಾತ್ರಿ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಮದರಂಗಿಯ ದಿನ ಬೆಳಿಗ್ಗೆಯೇ ಶೆಲ್ಬಿಯಾ ಬಂದು ಅವಳ ಎದುರು ಕುಳಿತಳು. ಸುತ್ತ ಹೆಂಗಸರು ತುಂಬಿದ್ದರು, ನಜೀಹಾ ಬುಟ್ಟಿಗಟ್ಟಲೆ ಉಡುಗೊರೆಗಳೊಂದಿಗೆ ನಡುವೆ ಕುಳಿತಿದ್ದಳು.

ಮೊದಲ ಗೆರೆ ಎಳೆಯುವುದರೊಳಗೆ ಉಲ್ಫಾಳ ಕೈ ಹಾರಿತು. ಮದರಂಗಿ ಶೆಲ್ಬಿಯಾಳ ಮೂಗಿಗೆ ಬಡಿಯಿತು. ಎಲ್ಲರೂ ನಕ್ಕರು.

"ಗಂಡನ ಮನೇಲಿ ಹೀಗೆ ಹೊಡೀಬೇಡ ಕಣೇ, ಪಾಪ," ಎಂದಳು ಶೆಲ್ಬಿಯಾ.

"ಖಾಲ್ತಿ, ಕೈ ನನ್ ಮಾತು ಕೇಳ್ತಾ ಇಲ್ಲ," ಎಂದು ಉಲ್ಫಾ ಚಿಕ್ಕಮ್ಮನಿಗೆ ಹೇಳುವ ಸಲಿಗೆಯಲ್ಲಿ ನಗುತ್ತಲೇ ಹೇಳಿದಳು. ಮತ್ತೊಮ್ಮೆ ಹಾರಿತು, ಇನ್ನೊಮ್ಮೆ. ಆಮೇಲೆ ಅವಳ ಬಾಯಿಂದ ಒಂದು ಕೂಗು ಹೊರಟಿತು. ಅಂಥ ಕೂಗನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಮೈಯೆಲ್ಲ ಮರದ ಹಾಗೆ ಸೆಟೆದು ಹಿಂದಕ್ಕೆ ಬಿದ್ದಳು. ನಂತರ ಕೈಕಾಲು ಒಂದೇ ಸಮನೆ ಜಗ್ಗಿ ಜಗ್ಗಿ ಅದುರತೊಡಗಿದವು.

ಮನೆ ತುಂಬ ಗದ್ದಲವೆದ್ದಿತು. ಒಬ್ಬಳು ಕಬ್ಬಿಣದ ಬೀಗದಕೈ ತಂದು ಅಂಗೈಗೆ ತುರುಕಿದಳು, ಇನ್ನೊಬ್ಬಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. "ಚಮಚ! ಹಲ್ಲಿನ ಮಧ್ಯೆ ಚಮಚ ಹಾಕ್ರೇ!" ಎಂದು ನಜೀಹಾ ಕಿರುಚುತ್ತಿದ್ದಳು. ಶೆಲ್ಬಿಯಾಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹುಡುಗಿಯ ತಲೆ ನೆಲಕ್ಕೆ ಬಡಿಯದ ಹಾಗೆ ತನ್ನ ಮಡಿಲು ಕೊಟ್ಟು, "ನಾನಿದೀನಿ ಕಂದಾ, ನಾನಿದೀನಿ," ಎನ್ನುತ್ತ ಕುಳಿತಳು.

ಅದುರುವುದು ನಿಂತು, ಉಲ್ಫಾ ಗೊರಕೆ ಹೊಡೆಯುತ್ತ ನಿದ್ದೆಗೆ ಜಾರಿದಾಗ ಕೋಣೆಯಲ್ಲಿ ಪಿಸುಮಾತು ಮಾತ್ರ ಉಳಿದಿತ್ತು. "ಜಿನ್ನು," ಎಂದಳು ಒಬ್ಬಳು. "ಯಾರದೋ ಕಣ್ಣು," ಎಂದಳು ಇನ್ನೊಬ್ಬಳು. ನಜೀಹಾ ಎದ್ದು ತನ್ನ ಬುಟ್ಟಿಗಳನ್ನು ಎತ್ತಿಸಿದಳು.

"ಹಲ್ಲೂಮಾ, ಬೇಜಾರು ಮಾಡ್ಕೋಬೇಡ. ಹುಡುಗಿ ಮೇಲೆ ಏನೋ ಕೂತಿದೆ. ಅದು ಇಳೀಲಿ, ಆಮೇಲೆ ಮಾತಾಡಾಣ," ಎಂದು, ಬಾಗಿಲ ಬಳಿ ತಿರುಗಿ ಶೆಲ್ಬಿಯಾಳ ಕೈಗೆ ಮುತ್ತಿಟ್ಟಳು. "ನಿನ್ ಸಿದಿಗೆ ಹೇಳಿ ಬಿಡಿಸೇ ತಾಯಿ."

ಹಲ್ಲೂಮಾ ಮೂರು ದಿನ ಅತ್ತಳು. ನಾಲ್ಕನೆಯ ದಿನ ಮೊಂಸೆಫ್ ಬಂದು ಬಾಗಿಲಲ್ಲೇ ನಿಂತು, "ಸೂಸ್ ಪಟ್ಟಣದಲ್ಲಿ ತಲೆ ನರದ ಡಾಕ್ಟರೊಬ್ರು ಇದಾರೆ, ಹೆಂಗಸು. ನಮ್ ಯಜಮಾನ್ರ ಮಗನಿಗೆ ಅವರೇ ವಾಸಿ ಮಾಡಿದ್ದು. ನಾಳೆಗೆ ಹೇಳಿಟ್ಟಿದೀನಿ," ಎಂದು ಹೇಳಿ, ಒಳಗೆ ಇಣುಕಲೂ ನಾಚಿಕೊಂಡು ಹೊರಟುಹೋದ. ಹಲ್ಲೂಮಾ ಒಬ್ಬಳೇ ಹೋಗಲು ಹೆದರಿದಳು. ಶೆಲ್ಬಿಯಾ ಜೊತೆಗೆ ಹೊರಟಳು. ಮನೆಯಲ್ಲಿ ಬಿಡಲು ಯಾರೂ ಇಲ್ಲವೆಂದು ಬೇಯಾಳನ್ನೂ ಬಾಡಿಗೆ ವ್ಯಾನಿನಲ್ಲಿ ಕೂರಿಸಿಕೊಂಡರು.

ಡಾಕ್ಟರ್ ರವ್ದಾ ದಪ್ಪ ಕನ್ನಡಕದ, ನಗುಮುಖದ ಹೆಂಗಸು. ಉಲ್ಫಾ ಬಿದ್ದ ಕತೆಯನ್ನು ಪೂರ್ತಿ ಕೇಳಿ, "ಬೆಳಿಗ್ಗೆ ಹೊತ್ತು ಕೈ ಹಾರುತ್ತಾ? ಲೋಟ ಗೀಟ ಬೀಳುತ್ತಾ?" ಎಂದು ಕೇಳಿದರು.

ಹಲ್ಲೂಮಾ ಬಾಯಿ ತೆರೆದಳು. "ನಿಮಗೆ ಯಾರು ಹೇಳಿದ್ದು?"

"ಲೋಟಗಳೇ ಹೇಳ್ತವೆ," ಎಂದು ಡಾಕ್ಟರು ನಕ್ಕರು. "ಅದೂ ಫಿಟ್ಸೇ ಅಮ್ಮಾ, ಕ್ಷಣಮಾತ್ರದ್ದು. ಈ ಬಗೆಯ ಕಾಯಿಲೆಗೆ ನಿದ್ದೆಗೆಟ್ರೆ ಆಗಲ್ಲ. ಮೂರು ರಾತ್ರಿ ನಿದ್ದೆ ಇಲ್ದೆ ಹೋದಾಗ ಸಣ್ಣದು ದೊಡ್ಡದಾಯ್ತು. ಜಿನ್ನೂ ಇಲ್ಲ, ಕಣ್ಣೂ ಇಲ್ಲ."

ಹಾಗೆನ್ನುವಾಗಲೇ ಅವರ ಕಣ್ಣು ಬೇಯಾಳ ಮೇಲೆ ಬಿತ್ತು. ಮೇಜಿನ ಮೇಲಿದ್ದ ಕಾಗದದ ಗಿರಗಟ್ಟೆಯನ್ನು ಆ ಮಗು ಆಸೆಯಿಂದ ನೋಡುತ್ತಿತ್ತು; ನೋಡುತ್ತ ನೋಡುತ್ತ ಒಂದು ಗಳಿಗೆ ಇಲ್ಲವಾಗಿ, ಮತ್ತೆ ಬಂದಿತ್ತು. ಡಾಕ್ಟರು ಗಿರಗಟ್ಟೆಯನ್ನು ಅವಳ ಕೈಗೆ ಕೊಟ್ಟು, "ಜೋರಾಗಿ ಊದ್ತಾನೇ ಇರು, ನಿಲ್ಲಿಸ್ಬಾರ್ದು. ಗೆದ್ರೆ ಅದು ನಿಂದೇ," ಎಂದರು. ಬೇಯಾ ಕೆನ್ನೆಯುಬ್ಬಿಸಿ ಊದಿದಳು. ಗಿರಗಟ್ಟೆ ಗರಗರ ತಿರುಗಿತು. ಇನ್ನೂ ಊದಿದಳು, ಇನ್ನೂ ಊದಿದಳು. ಹಠಾತ್ತನೆ ಊದುವುದು ನಿಂತಿತು. ರೆಪ್ಪೆ ಅದುರಿತು. ಗಿರಗಟ್ಟೆ ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತುಹೋಯಿತು. ಆಮೇಲೆ ಬೇಯಾ ಏನೂ ಆಗದವಳಂತೆ ಮತ್ತೆ ಊದಿದಳು.

"ಇದು ಇನ್ನೊಂದು ಬಗೆ," ಎಂದರು ಡಾಕ್ಟರು ಮೆತ್ತಗೆ. "ಕನಸು ಕಾಣ್ತಾ ಇಲ್ಲ ನಿಮ್ ಮಗು. ಕನಸು ಕಾಣೋ ಮಕ್ಕಳನ್ನ ಕರೆದ್ರೆ ತಿರುಗಿ ನೋಡ್ತಾರೆ. ಇವಳು ಆ ಗಳಿಗೆ ಕೇಳಿಸ್ಕೊಳ್ಳೋಕೇ ಆಗಲ್ಲ. ದಿನಕ್ಕೆ ಎಷ್ಟು ಸಲ ಆಗ್ತಿದೆಯೋ ಏನೋ, ಪಾಠ ಎಲ್ಲಿಂದ ಬರ್ಬೇಕು?"

ಹಲ್ಲೂಮಾ ಮಗಳನ್ನು ಎದೆಗಪ್ಪಿಕೊಂಡಳು. ಬೇಯಾ, "ನಾನು ಗೆದ್ನಾ?" ಎಂದು ಕೇಳಿದಳು. ಗೆದ್ದೆ ಎಂದು ಡಾಕ್ಟರು ಗಿರಗಟ್ಟೆಯನ್ನು ಅವಳಿಗೇ ಕೊಟ್ಟರು.

ಇದೆಲ್ಲ ಶೆಲ್ಬಿಯಾಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಕಾಲು ಚಾಚಿ ಕುಳಿತು, "ಅಲ್ಲ ಡಾಕ್ಟ್ರಮ್ಮಾ, ಒಬ್ಳು ಬಿದ್ದು ಒದ್ದಾಡ್ತಾಳೆ, ಇನ್ನೊಬ್ಳು ಸುಮ್ನೆ ನೋಡ್ತಾಳೆ. ಎರಡಕ್ಕೂ ಒಂದೇ ಹೆಸರು ಅಂದ್ರೆ ಹೆಂಗೆ?" ಎಂದಳು.

"ಮಿದುಳಲ್ಲಿ ಎಲ್ಲಿ ಗಲಾಟೆ ಏಳುತ್ತೆ ಅನ್ನೋದ್ರ ಮೇಲೆ ಹೋಗುತ್ತೆ ಖಾಲ್ತಿ. ಇಡೀ ಮಿದುಳಲ್ಲಿ ಒಟ್ಟಿಗೆ ಎದ್ರೆ ಇವರಿಬ್ಬರ ಹಾಗೆ: ಕೈ ಹಾರ್ಬೋದು, ಮೈ ಬೀಳ್ಬೋದು, ಇಲ್ಲ ಬರೀ ಪ್ರಜ್ಞೆ ತಪ್ಬೋದು. ಒಂದೇ ಮೂಲೇಲಿ ಎದ್ರೆ ಬೇರೆ ತರ. ಆ ಮೂಲೆ ಏನು ಕೆಲಸ ಮಾಡುತ್ತೋ ಅದೇ ಕೆಡುತ್ತೆ. ಒಬ್ಬರಿಗೆ ಬೆರಳು ಮಾತ್ರ ಕುಣಿಯುತ್ತೆ. ಒಬ್ಬರಿಗೆ ಕಣ್ಮುಂದೆ ಬಣ್ಣ ಬರುತ್ತೆ. ಇನ್ನು ಕೆಲವರಿಗೆ ಯಾರಿಗೂ ಬಾರದ ವಾಸನೆ ಬರುತ್ತೆ, ಏನೋ ಸುಟ್ಟ ಹಾಗೆ. ಹೊಟ್ಟೆ ಮೇಲಕ್ಕೆದ್ದ ಹಾಗಾಗುತ್ತೆ. ಆಮೇಲೆ ಕಣ್ಣು ಬಿಟ್ಕೊಂಡೇ ಇರ್ತಾರೆ, ಬಾಯಿ ಚಪ್ಪರಿಸ್ತಾರೆ, ಕೈಗೆ ಸಿಕ್ಕಿದ್ದನ್ನ ತಡವ್ತಾ ಕೂರ್ತಾರೆ. ಬೀಳೋದೇ ಇಲ್ಲ. ಕೂತಲ್ಲೇ ಬಂದು ಕೂತಲ್ಲೇ ಹೋಗುತ್ತೆ. ಅವರಿಗೆ ಅದು ನೆನಪೂ ಇರಲ್ಲ."

ಉಲ್ಫಾ ನಿಧಾನವಾಗಿ ಶೆಲ್ಬಿಯಾಳತ್ತ ತಿರುಗಿದಳು. ಹಲ್ಲೂಮಾ ತಿರುಗಿದಳು. ಅವರಿಬ್ಬರನ್ನು ನೋಡಿ ಡಾಕ್ಟರೂ ತಿರುಗಿದರು.

"ನನ್ನ ಯಾಕೆ ಹಂಗೆ ನೋಡ್ತೀರೇ?" ಎಂದಳು ಶೆಲ್ಬಿಯಾ. ಚಾಚಿದ್ದ ಕಾಲನ್ನು ಒಳಗೆಳೆದುಕೊಂಡಳು. ತೀರ ಸಣ್ಣ ದನಿಯಲ್ಲಿ, "ಸುಟ್ಟ ವಾಸನೆ ಅಂದ್ರೆ... ಜೀರಿಗೆ ವಾಸನೇನೂ ಆಗ್ಬೋದಾ?" ಎಂದು ಕೇಳಿದಳು.

ಉಲ್ಫಾ, ಬೇಯಾರ ಜೊತೆಗೆ ಅವಳ ತಲೆಗೂ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ನೋಡಿದರು. ಚಿಕ್ಕಂದಿನಲ್ಲಿ ಜ್ವರ ನೆತ್ತಿಗೇರಿ ಅದುರಿತ್ತೇ ಎಂದು ಕೇಳಿದರು. ಹೌದು, ತಾಯಿ ಹೇಳುತ್ತಿದ್ದಳು ಎಂದಳು. ಮೂವರಿಗೂ ಮೂರು ಬೇರೆ ಬೇರೆ ಮಾತ್ರೆ ಬರೆದರು. "ಒಬ್ಬರ ಮಾತ್ರೆ ಇನ್ನೊಬ್ಬರು ತಗೋಬೇಡಿ. ಒಂದು ಬಗೆಗೆ ಆಗೋ ಮಾತ್ರೆ ಇನ್ನೊಂದು ಬಗೆಯನ್ನ ಜಾಸ್ತಿ ಮಾಡ್ಬೋದು. ಅದಕ್ಕೇ ಯಾವ ಬಗೆ ಅಂತ ತಿಳ್ಕೊಳ್ಳೋದು," ಎಂದರು. ಉಲ್ಫಾಗೆ ಮುಂದೆ ಮಕ್ಕಳಾಗುವುದನ್ನು ಯೋಚಿಸಿಯೇ ಆರಿಸಿದ ಮಾತ್ರೆಯೆಂದೂ, ಬಸಿರಾದರೆ ತಾನಾಗಿ ನಿಲ್ಲಿಸದೆ ಮೊದಲು ತಮಗೆ ಹೇಳಬೇಕೆಂದೂ ತಿಳಿಸಿದರು. ಯಾರಾದರೂ ಬಿದ್ದರೆ ಬಾಯಿಗೆ ಏನೂ ತುರುಕದೆ, ಹಿಡಿದು ಅದುಮದೆ, ತಲೆಯ ಕೆಳಗೆ ಮೆತ್ತನೆಯದಿಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಜೊತೆಗಿರಬೇಕೆಂದರು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ಮರಳುವ ದಾರಿಯುದ್ದಕ್ಕೂ ಶೆಲ್ಬಿಯಾ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮನೆಗೆ ಬಂದವಳೇ ಶಾಲು ಬಿಸುಟು, ಬಲೆ ಸರಿಮಾಡುತ್ತಿದ್ದ ಬೂರಾವಿಯ ಮುಂದೆ ಕುಳಿತಳು.

"ಸಿದಿ ಮೆರ್ಜೂಕ್ ಬರ್ತಾನೇ ಇರ್ಲಿಲ್ಲ ಕಣ್ರೀ."

"ಹೂಂ."

"ಹೂಂ ಅಂದ್ರೆ? ನಿಮಗೆ ಗೊತ್ತಿತ್ತಾ?"

ಬೂರಾವಿ ಬಲೆಯ ಗಂಟನ್ನು ಬಿಗಿದು ಕೆಳಗಿಟ್ಟ. "ಕಾಲುಚೀಲ ಬೇಯಿಸೋ ಸಂತನನ್ನ ನಾನು ಎಲ್ಲೂ ಕೇಳಿಲ್ಲ. ಏನೋ ಕಾಯ್ಲೆ ಅಂತ ಅನ್ನಿಸ್ತಿತ್ತು. ಆದ್ರೆ ನೀನು ಅಷ್ಟು ಸಂತೋಷವಾಗಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ." ಬಲೆಯನ್ನು ಮತ್ತೆ ಎತ್ತಿಕೊಂಡು, "ದೋಣಿ ಹತ್ತಿದ್ರೆ ಸಾಕು, ಇವಳು ಒಲೆ ಮುಂದೆ ಒಬ್ಳೇ ಇದಾಳಲ್ಲಾ ಅಂತ ಭಯ ಆಗ್ತಿತ್ತು," ಎಂದ.

ಶೆಲ್ಬಿಯಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಭುಜಕ್ಕೆ ತಲೆಯಿಟ್ಟು ಒಂದಷ್ಟು ಅತ್ತು, ಮೂಗು ಸೀಟಿಕೊಂಡು, ಸಂಜೆಗೆ ಮೊದಲ ಮಾತ್ರೆ ನುಂಗಿದಳು.

ಮಾರನೆಯ ದಿನ ಅವಳನ್ನು ಕಾಡಿದ್ದು ಬೇರೆ. ಒಂದೇ ಕಾಯಿಲೆ. ತನಗೆ ಬಂದರೆ ಕೈಗೆ ಮುತ್ತು, ಉಲ್ಫಾಗೆ ಬಂದರೆ ಬುಟ್ಟಿ ವಾಪಸ್ಸು, ಬೇಯಾಗೆ ಬಂದರೆ ಬೈಗುಳ. ಇದನ್ನು ಒಳಗಿಟ್ಟುಕೊಂಡು ಕೂರುವ ಜಾಯಮಾನ ಅವಳದಲ್ಲ. ನಜೀಹಾಳ ಮನೆಯಲ್ಲಿ ಮಧ್ಯಾಹ್ನದ ಚಹಾಕ್ಕೆ ಊರಿನ ಹೆಂಗಸರು ಸೇರುವ ಹೊತ್ತು ನೋಡಿಕೊಂಡೇ ಹೋದಳು.

"ಬಾರೇ ಶೆಲ್ಬಿಯಾ, ಬಾ. ಇಳೀತಾ ಆ ಹುಡುಗಿ ಮೇಲಿಂದ?" ಎಂದು ನಜೀಹಾ ಚಹಾಕ್ಕೆ ಬಾದಾಮಿ ತೇಲಿಸಿ ಕೊಟ್ಟಳು.

"ಇಳಿಯೋಕೆ ಏನೂ ಹತ್ತಿರ್ಲಿಲ್ಲ. ಅವಳಿಗಿರೋದು ಫಿಟ್ಸು, ಮಾತ್ರೆ ಕೊಟ್ಟಿದಾರೆ. ನಂಗೂ ಅದೇ ಕಾಯ್ಲೆ. ಮಾತ್ರೇನೂ ಕೊಟ್ಟಿದಾರೆ, ನೋಡು." ರವಿಕೆಯಿಂದ ಮಾತ್ರೆಯ ಪಟ್ಟಿ ತೆಗೆದು ಚಹಾ ತಟ್ಟೆಯ ಪಕ್ಕ ಇಟ್ಟಳು.

ಹೆಂಗಸರು ಗೊಳ್ಳೆಂದು ನಕ್ಕರು. ಶೆಲ್ಬಿಯಾ ನಗಲಿಲ್ಲ. ಆಗ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಹುಚ್ಚೇನೇ ನಿಂಗೆ?" ಎಂದಳು ನಜೀಹಾ. "ಫಿಟ್ಸು ಅಂದ್ರೆ ಬೀಳ್ಬೇಕು, ನೊರೆ ಬರ್ಬೇಕು."

"ಅದು ಒಂದು ಬಗೆ. ನಿಮ್ ಮದುವೆ ಡೋಲಿನ ತಂಡ ನೆನಪು ಮಾಡ್ಕೊ. ಮೂಲೇಲಿ ಕೂತಿರೋ ಒಬ್ಬ ಡೋಲಿನವನು ತಾಳ ತಪ್ಪಿ ತನ್ನಷ್ಟಕ್ಕೆ ಬಡೀತಾ ಕೂತ ಅಂತಿಟ್ಕೊ. ಉಳಿದವ್ರು ಬಾರಿಸ್ತಾನೇ ಇರ್ತಾರೆ. ಅದು ನಾನು. ಇಡೀ ತಂಡ ಒಂದೇ ಸಲ ತಲೆಕೆಟ್ಟು ಬಡಿದ್ರೆ ಉಲ್ಫಾ. ಇಡೀ ತಂಡ ಒಂದು ಗಳಿಗೆ ಕೈ ಎತ್ತಿ ಸುಮ್ನಾಗಿ ಮತ್ತೆ ಶುರು ಮಾಡಿದ್ರೆ ಅವಳ ತಂಗಿ. ಹಾಡು ಕೆಟ್ಟಿದ್ದು ಮೂರು ಕಡೇನೂ ನಿಜ. ಆದ್ರೆ ಡೋಲಿನವರೊಳಗೆ ಜಿನ್ನು ಹೊಕ್ಕಿದೆ ಅಂತ ಯಾರೂ ಅನ್ನಲ್ಲ."

ನಜೀಹಾ ಯೋಚಿಸಿದಳು. ಅವಳ ಮುಖ ನಿಧಾನವಾಗಿ ಬಿಳಿಚಿತು. "ಹಾಗಾದ್ರೆ ನನ್ ಮಗಳ ಮದುವೇಲಿ ನಿನ್ ಕೈ ನಿಂತಿದ್ದು..."

"ಫಿಟ್ಸು."

"ನಾನು ಅತ್ತಿದ್ದು?"

"ಫಿಟ್ಸಿಗೆ."

"ಅವಳಿಗೆ ನಾಲ್ಕು ಮಕ್ಕಳಾದ್ವಲ್ಲೇ!"

"ಅದು ನಿನ್ ಅಳಿಯನ ಕೆಲಸ, ನನ್ನ ಯಾಕೆ ಕೇಳ್ತೀಯ?"

ಈ ಸಲದ ನಗುವಿಗೆ ಚಹಾ ಲೋಟಗಳು ಅಲುಗಾಡಿದವು. ನಜೀಹಾ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗು ಇಳಿದ ಮೇಲೆ ಶೆಲ್ಬಿಯಾ ಮೆಲ್ಲನೆ ಹೇಳಿದಳು: "ಇಪ್ಪತ್ತೈದು ವರ್ಷ ನನ್ನ ತಲೆ ಮೇಲೆ ಹೊತ್ಕೊಂಡಿದೀರಿ. ಅದೇ ಕಾಯ್ಲೆ ಇರೋ ಹುಡುಗೀನ ಬಾಗಿಲಿಗೆ ಬಿಟ್ಟು ಬಂದ್ರೆ ನಂಗೆ ಅನ್ನ ಇಳಿಯಲ್ಲ ನಜೀಹಾ. ಇಲ್ಲ ನನ್ನನ್ನೂ ಹೊರಗೆ ಹಾಕಿ, ಇಲ್ಲ ಅವಳನ್ನೂ ಒಳಗೆ ಕರೀರಿ."

ಅಷ್ಟರಲ್ಲಿ ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಮೊಂಸೆಫ್ ಊಟಕ್ಕೆ ಬಂದ. ಮನೆ ತುಂಬ ಹೆಂಗಸರನ್ನು ಕಂಡು ಹಿಂದೆ ಸರಿಯಲು ಹೋದವನು ಅಲ್ಲೇ ನಿಂತು, "ಅಮ್ಮಾ, ನೀನು ಹೂಂ ಅಂದ್ರೂ ಅವಳನ್ನೇ ಮದುವೆ ಆಗ್ತೀನಿ, ಊಹೂಂ ಅಂದ್ರೂ ಅವಳನ್ನೇ. ಹೂಂ ಅಂದ್ರೆ ಊಟ ಚೆನ್ನಾಗಿರುತ್ತೆ, ಅಷ್ಟೇ," ಎಂದ.

"ನೋಡ್ರೇ, ಹೊಟ್ಟೆ ಬಿಟ್ರೆ ಬೇರೆ ಯೋಚನೆ ಇಲ್ಲ ಇವನಿಗೆ," ಎಂದಳು ನಜೀಹಾ. ಆದರೆ ಅವಳ ದನಿ ಮೆತ್ತಗಾಗಿತ್ತು. ಲೋಟದಲ್ಲಿದ್ದ ಬಾದಾಮಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು, "ಮತ್ತೆ ಮದುವೆ ದಿನ ಬಿದ್ರೆ? ಐನೂರು ಜನದ ಮುಂದೆ?" ಎಂದಳು.

"ನಿದ್ದೆ ಕೆಡಿಸ್ಬಾರ್ದು ಅಂದಿದಾರೆ. ಹಗಲು ಮದುವೆ ಮಾಡಿ. ಸಂಜೆ ನಮಾಜಿನ ಹೊತ್ತಿಗೆ ಮುಗಿಸ್ಬಿಡಿ."

"ಹಗಲು ಮದುವೆ!" ಎಂದು ಒಬ್ಬಳು ಮೂಗು ಮುರಿದಳು. "ಮಹ್ದಿಯಾದಲ್ಲಿ ಯಾರೂ ಮಾಡಿಲ್ಲಮ್ಮ."

ಯಾರೂ ಮಾಡಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ನಜೀಹಾಳ ಬೆನ್ನು ನೆಟ್ಟಗಾಯಿತು. "ಯಾರೂ ಮಾಡಿಲ್ವಾ? ಬಿಸಿಲಲ್ಲಿ ಜರಿ ಹೆಂಗೆ ಹೊಳೆಯುತ್ತೆ ಅಂತ ನೀವ್ಯಾರೂ ನೋಡೇ ಇಲ್ಲ ಹಾಗಾದ್ರೆ," ಎಂದಳು.

ಮದುವೆ ಶರತ್ಕಾಲದಲ್ಲಿ ನಡೆಯಿತು, ನಡುಹಗಲಿನಲ್ಲಿ, ಕಡಲ ಕಡೆ ತೆರೆದ ಅಂಗಳದಲ್ಲಿ. ಉಲ್ಫಾ ಪ್ರತಿ ರಾತ್ರಿ ಬೇಗ ಮಲಗಿ ಎದ್ದಿದ್ದಳು; ಮದರಂಗಿ ಹಚ್ಚುವಾಗ ಅವಳ ಕೈ ಒಂದು ಸಲವೂ ಹಾರಲಿಲ್ಲ. ಜರಿಯ ಉಡುಗೆ ನಿಜವಾಗಿಯೂ ಬಿಸಿಲಲ್ಲಿ ಕಣ್ಣು ಕುಕ್ಕುವಂತೆ ಹೊಳೆಯಿತು. ಆ ವರ್ಷದ ಕೊನೆಯೊಳಗೆ ಊರಿನಲ್ಲಿ ಇನ್ನೂ ಮೂರು ಹಗಲು ಮದುವೆಗಳಾದವು. ನಜೀಹಾ ಮೂರಕ್ಕೂ ಹೋಗಿ, "ನಮ್ಮನೇಲೇ ಶುರುವಾಗಿದ್ದು," ಎಂದು ಹೇಳಿ ಬಂದಳು.

ಶೆಲ್ಬಿಯಾಳ ಕೈಗೆ ಕೆಲಸ ಸ್ವಲ್ಪ ಕಡಿಮೆಯಾಯಿತು. ಮಾತ್ರೆ ನುಂಗುತ್ತ ಬಂದಂತೆ ಜೀರಿಗೆಯ ವಾಸನೆ ಅಪರೂಪವಾಯಿತು, ಆಮೇಲೆ ಬರದೇ ಹೋಯಿತು. ಒಬ್ಬ ಮದುಮಗಳ ತಾಯಿ ಬಂದು, "ನಮ್ ದಿನ ಒಂದು ಮಾತ್ರೆ ಬಿಡೋಕಾಗಲ್ವಾ ಶೆಲ್ಬಿಯಾ? ಒಂದೇ ಒಂದು ಸಲ ಕೈ ನಿಂತ್ರೆ ಸಾಕು," ಎಂದು ಗುಟ್ಟಾಗಿ ಕೇಳಿದಳು. "ನಿಲ್ಲಿಸಿ ತೋರಿಸ್ತೀನಿ ಬಿಡು, ಅದಕ್ಕೆ ಮಾತ್ರೆ ಯಾಕೆ ಬಿಡ್ಬೇಕು, ಹರಟೆ ಹೊಡೆಯೋಕೆ ಶುರು ಮಾಡಿದ್ರೆ ತಾನಾಗೇ ನಿಲ್ಲುತ್ತೆ," ಎಂದಳು ಶೆಲ್ಬಿಯಾ. ಆದರೆ ಬೇರೆ ಬಗೆಯ ಜನ ಬರತೊಡಗಿದರು. ಹೆಂಗಸರೆಲ್ಲ ಸೇರುವ ಊರಿನ ಸ್ನಾನದ ಮನೆಯಲ್ಲಿ, ತರಕಾರಿ ಅಂಗಡಿಯ ಮುಂದೆ ಹೆಂಗಸರು ಅವಳ ತೋಳು ಹಿಡಿದು ಪಕ್ಕಕ್ಕೆ ಕರೆಯುತ್ತಿದ್ದರು. ನನ್ನ ಮಗನ ಬಾಯಿ ಒಂದೇ ಕಡೆ ಎಳೆಯುತ್ತದೆ. ನನ್ನ ಅತ್ತೆ ಬಾಗಿಲು ಸಿಕ್ಕದವಳ ಹಾಗೆ ತಡಕಾಡುತ್ತಾಳೆ. ಶೆಲ್ಬಿಯಾ ಇದು ಇಂಥದೇ ಎಂದು ಹೇಳಲು ಹೋಗುತ್ತಿರಲಿಲ್ಲ. "ನೋಡಿದ್ದನ್ನ ನೋಡಿದ ಹಾಗೆ ಡಾಕ್ಟ್ರಿಗೆ ಹೇಳಿ, ಏನೂ ಬಿಡ್ಬೇಡಿ," ಎಂದು ಸೂಸಿನ ದಾರಿ ತೋರಿಸುತ್ತಿದ್ದಳು. ಬಿದ್ದವರನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ಮಾತ್ರ ಕಂಡಕಂಡವರಿಗೆಲ್ಲ ಕಲಿಸುತ್ತಿದ್ದಳು. ಬೇಯಾ ಅಷ್ಟರಲ್ಲಿ ತರಗತಿಯಲ್ಲಿ ನಾಲ್ಕನೆಯವಳಾಗಿ, ಮತ್ತೆ ಕಿಟಕಿಯ ಪಕ್ಕಕ್ಕೆ ಬಂದಿದ್ದಳು.

ಎರಡು ವರ್ಷ ಕಳೆದ ಮೇಲೆ ಶೆಲ್ಬಿಯಾ ಒಂದು ತಪ್ಪು ಮಾಡಿದಳು. ರಮದಾನ್ ಬಂತು, ಹಗಲಿನಲ್ಲಿ ಏನೂ ನುಂಗುವಂತಿಲ್ಲ. ಇಷ್ಟು ದಿನ ಏನೂ ಆಗಿಲ್ಲವಲ್ಲ, ವಾಸಿಯಾಗಿದೆ ಎಂದುಕೊಂಡು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಎರಡನೆಯ ವಾರ, ಮೀನು ಮಾರುಕಟ್ಟೆಯಲ್ಲಿ ಬಂಗಾರದ ಬಣ್ಣದ ಬ್ರೀಮ್ ಮೀನಿಗೆ ಚೌಕಾಸಿ ಮಾಡುತ್ತಿದ್ದಾಗ ಜೀರಿಗೆ ವಾಸನೆ ಬಂತು. ಎಂದಿನಂತೆ ಹೊಟ್ಟೆ ಮೇಲೆದ್ದಿತು. ಆದರೆ ಈ ಸಲ ಮೂಲೆಯಲ್ಲಿ ಎದ್ದ ಗಲಾಟೆ ಅಲ್ಲಿಗೇ ನಿಲ್ಲಲಿಲ್ಲ. ಮಿದುಳಿನ ಎರಡೂ ಕಡೆಗೆ ಹಬ್ಬಿತು. ಶೆಲ್ಬಿಯಾ ಬದುಕಿನಲ್ಲಿ ಮೊದಲ ಸಲ ಸೆಟೆದು ಬಿದ್ದಳು.

ಕಣ್ಣು ತೆರೆದಾಗ ತಲೆಯ ಕೆಳಗೆ ಯಾರದೋ ಮಡಿಚಿದ ಕೋಟು ಇತ್ತು. ಮಗ್ಗುಲಾಗಿ ಮಲಗಿದ್ದಳು. ಮೈಯೆಲ್ಲ ಹೊಡೆತ ತಿಂದ ಹಾಗೆ ನೋವು. ಮುಖದ ಮೇಲೆ ಉಲ್ಫಾ ಬಗ್ಗಿದ್ದಳು, ತುಂಬು ಬಸುರಿ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ನಾನಿದೀನಿ ಖಾಲ್ತಿ."

ಸ್ವಲ್ಪ ಹೊತ್ತು ಶೆಲ್ಬಿಯಾಗೆ ತಾನೆಲ್ಲಿದ್ದೇನೆಂದು ತಿಳಿಯಲಿಲ್ಲ. ಆಮೇಲೆ ಮೀನಿನ ವಾಸನೆ ಮೂಗಿಗೆ ಬಂತು, ಅದು ನಿಜವಾದ ವಾಸನೆ. "ಬಿದ್ನಾ?"

"ಬಿದ್ರಿ. ಎರಡು ನಿಮಿಷದೊಳಗೆ ನಿಂತೋಯ್ತು. ಬೀಗದಕೈ ತಂದವನನ್ನ ಮೀನಿನವರೇ ಓಡಿಸಿದ್ರು. 'ಶೆಲ್ಬಿಯಾನ ಮಗ್ಗುಲಿಗೆ ತಿರುಗ್ಸಿ, ಬಾಯಿಗೆ ಏನೂ ಹಾಕ್ಬೇಡಿ' ಅಂತ ಇಡೀ ಮಾರ್ಕೆಟ್ಟು ಕೂಗ್ತಿತ್ತು."

"ಎಲ್ರೂ ನೋಡಿದ್ರಾ?"

"ಎಲ್ರೂ."

"ಬಟ್ಟೆ ಸರಿಯಾಗಿತ್ತಾ?"

"ನೀವು ಎದ್ದು ಓಡಾಡೋ ಹೊತ್ತಿಗಿಂತ ಸರಿಯಾಗಿತ್ತು," ಎಂದಳು ಉಲ್ಫಾ.

ಬೂರಾವಿ ದೋಣಿಯಿಂದ ಬರಿಗಾಲಿನಲ್ಲೇ ಓಡಿ ಬಂದಿದ್ದ. ಏದುಸಿರು ಬಿಡುತ್ತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವಳ ಹಣೆ ಮುಟ್ಟಿದ. ಬೈಯುತ್ತಾನೆಂದು ಶೆಲ್ಬಿಯಾ ಕಾದಳು. ಅವನು ಬೈಯಲಿಲ್ಲ. ಮರುದಿನವೇ ಡಾಕ್ಟರ್ ರವ್ದಾರ ಬಳಿಗೆ ಕರೆದುಕೊಂಡು ಹೋದ. ಬೈಯುವ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿಯಿದೆ, ಆ ವರ್ಷ ಸುಮ್ಮನೆ ಊಟ ಮಾಡಿ ಮಾತ್ರೆ ನುಂಗಬೇಕು, ಮುಂದಿನ ವರ್ಷ ಮೊದಲೇ ಬಂದು ಕೇಳಿದರೆ ಮಾತ್ರೆಯ ಹೊತ್ತು ಹೊಂದಿಸಲು ಆಗುವುದೋ ನೋಡೋಣ ಎಂದರು. ಶೆಲ್ಬಿಯಾ ತಲೆತಗ್ಗಿಸಿ ಎಲ್ಲಕ್ಕೂ ಹೂಂ ಎಂದಳು.

ಊರಿಗೆ ಬಂದು ವ್ಯಾನಿನಿಂದ ಇಳಿದಾಗ ಮಧ್ಯಾಹ್ನ. ಬೀದಿಯೆಲ್ಲ ಉಪವಾಸದಲ್ಲಿತ್ತು. ಬೂರಾವಿ ಅವಳನ್ನು ಬಂ‌ದರಿನ ಹಿಂದಿನ ಕಲ್ಲಿನ ಕಟ್ಟೆಯ ಮರೆಗೆ ಕರೆದೊಯ್ದು, ಪೊಟ್ಟಣ ಬಿಚ್ಚಿ ಟ್ಯೂನಾ ಮೀನು ತುಂಬಿದ ಬ್ರೆಡ್ಡನ್ನು ಅವಳ ಕೈಗಿಟ್ಟ.

"ನೀವು?" ಎಂದಳು.

"ನಂಗೆ ಉಪವಾಸ. ನೀನು ತಿನ್ನು, ನಾನು ನೋಡ್ತೀನಿ."

ಶೆಲ್ಬಿಯಾ ದೊಡ್ಡ ತುತ್ತು ಕಚ್ಚಿ, ಬಾಯಿ ತುಂಬಿಕೊಂಡು, ಮುಂದಿನ ವಾರ ಉಲ್ಫಾಗೆ ಹೆರಿಗೆಯಾದರೆ ಮಗುವಿಗೆ ಏನು ಹೆಸರಿಡಬಹುದೆಂದು ಮಾತು ತೆಗೆದಳು. ನಜೀಹಾ ಆಗಲೇ ಯಾರೂ ಇಡದ ಹೆಸರೊಂದನ್ನು ಹುಡುಕುತ್ತಿದ್ದಾಳಂತೆ.